ತಡವಾಗಿ ಬಂದ ಸಾಕ್ಷಿ

1962ರಲ್ಲಿ ಚೀನಾ ಎದುರು ನಾವು ಯಾಕೆ ಸೋತೆವು ಎಂಬುದಕ್ಕೆ ಎರಡು ಮುಖ್ಯ ದಾಖಲೆಗಳಿವೆ. ಮೊದಲನೆಯದು ಲೆಫ್ಟಿನೆಂಟ್ ಜನರಲ್ ಹೆಂಡರ್ಸನ್ ಬ್ರೂಕ್ಸ್ ಮತ್ತು ಬ್ರಿಗೇಡಿಯರ್ ಪ್ರೇಮೀಂದ್ರ ಸಿಂಗ್ ಭಗತ್ 1963ರಲ್ಲಿ ಸಲ್ಲಿಸಿದ ವರದಿ. ಆರು ದಶಕ ಕಳೆದರೂ ಯಾವ ಸರ್ಕಾರವೂ ಅದನ್ನು ಅಧಿಕೃತವಾಗಿ ಜನರ ಮುಂದಿಟ್ಟಿಲ್ಲ. ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅದರ ಒಂದು ಭಾಗವನ್ನು ಬಹಿರಂಗಪಡಿಸಿದ್ದರಿಂದ ಅಷ್ಟಿಷ್ಟು ತಿಳಿಯಿತು. ಎರಡನೆಯದು, ಅದೇ ಯುದ್ಧದಲ್ಲಿ 7ನೇ ಪದಾತಿ ಬ್ರಿಗೇಡನ್ನು ಮುನ್ನಡೆಸಿ, ಸೆರೆಸಿಕ್ಕು, ಬಿಡುಗಡೆಯಾಗಿ ಬಂದ ಬ್ರಿಗೇಡಿಯರ್ ಜಾನ್ ದಳ್ವಿ 1969ರಲ್ಲಿ ಹೊರತಂದ 'ಹಿಮಾಲಯನ್ ಬ್ಲಂಡರ್'. ರವಿ ಬೆಳಗೆರೆ ಅದನ್ನು ಕನ್ನಡಕ್ಕೆ ತಂದರು. ಸೇನೆಗೂ ಇಂಗ್ಲಿಷಿಗೂ ದೂರವಿದ್ದ ಸಾವಿರಾರು ಕನ್ನಡಿಗರಿಗೆ ನಮ್ಕಾ ಚು ಎಂಬ ತೊರೆಯ ಹೆಸರು ಗೊತ್ತಾದದ್ದು ಆ ಪುಸ್ತಕದಿಂದ.

ಸೇನೆಯ ಸ್ವಂತ ತನಿಖೆ ಬೀಗದೊಳಗೆ ಉಳಿಯಿತು, ಸೋತು ಬಂದ ಒಬ್ಬ ಸೈನಿಕ ನಡುವಯಸ್ಸಿನಲ್ಲಿ ಬರೆದದ್ದು ನಮ್ಮ ಕೈಗೆ ಬಂತು. ಯುದ್ಧದಿಂದ ಮರಳಿದವರು ವರ್ಷಗಳ ನಂತರ ಬರೆಯುವ ಪುಸ್ತಕಗಳನ್ನು ನಾವು ಹೇಗೆ ಓದಬೇಕು ಎಂಬ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ. ಅಂಥ ಪುಸ್ತಕ ಬಂದಾಗ ನಾವು ಸಾಮಾನ್ಯವಾಗಿ ಎರಡರಲ್ಲೊಂದು ಮಾಡುತ್ತೇವೆ. ವೀರಗಾಥೆ ಎಂದು ಕೈಮುಗಿಯುತ್ತೇವೆ, ಇಲ್ಲವೇ ಪಾಪ, ಮನಸ್ಸಿನ ಭಾರ ಇಳಿಸಿಕೊಂಡರು ಎಂದು ಮರುಗುತ್ತೇವೆ. ಎರಡರಲ್ಲೂ ಗೌರವ ಇದೆ, ಆದರೆ ಓದು ಇಲ್ಲ. ಅಂಥ ಪುಸ್ತಕ ಒಂದು ಸಾಕ್ಷ್ಯ. ಸಾಕ್ಷ್ಯವನ್ನು ಕೇಳಬೇಕು, ತಾಳೆ ನೋಡಬೇಕು, ಅದು ಎತ್ತಿದ ಪ್ರಶ್ನೆಗೆ ಉತ್ತರ ಹುಡುಕಬೇಕು. ತಡವಾಗಿ ಬಂತು ಎಂಬ ಕಾರಣಕ್ಕೆ ಅದರ ಬೆಲೆ ಕಡಿಮೆಯಾಗುವುದಿಲ್ಲ. ಎಷ್ಟೋ ಸಲ ತಡವಾದದ್ದರಿಂದಲೇ ಅದಕ್ಕೆ ಬೆಲೆ.

ದಳ್ವಿಯವರ ಪುಸ್ತಕವನ್ನೇ ನೋಡಿ. ಗಡಿಯ ಥಗ್ಲಾ ಏಣಿನ ಎತ್ತರದ ಜಾಗಗಳು ಚೀನೀಯರ ಕೈಯಲ್ಲಿದ್ದವು. ಅದರ ಕೆಳಗೆ, ನಮ್ಕಾ ಚು ತೊರೆಯ ತಗ್ಗಿನಲ್ಲಿ ನಮ್ಮ ಬ್ರಿಗೇಡು ಇತ್ತು. ಹತ್ತು ಸಾವಿರ ಅಡಿಗೂ ಮೇಲಿನ ಚಳಿಯಲ್ಲಿ ಜವಾನರ ಮೈಮೇಲಿದ್ದದ್ದು ಬೇಸಿಗೆಯ ಹತ್ತಿಯ ಸಮವಸ್ತ್ರ. ಮದ್ದುಗುಂಡು ಎಣಿಸಿ ಬಳಸುವಷ್ಟೇ ಇತ್ತು. ವಿಮಾನದಿಂದ ಉದುರಿಸಿದ ಸಾಮಾನು ಕಣಿವೆಗಳ ಪಾಲಾಗುತ್ತಿತ್ತು. ಥಗ್ಲಾದಿಂದ ಶತ್ರುವನ್ನು ಹೊರದಬ್ಬಬೇಕು ಎಂಬ ತೀರ್ಮಾನ ಮಾತ್ರ ದೆಹಲಿಯಲ್ಲಿ ಆಗಿತ್ತು. ಅಕ್ಟೋಬರ್ 20ರ ಬೆಳಗಿನ ಜಾವ ಚೀನೀಯರು ಮೇಲೆ ಬಿದ್ದರು. ಎರಡು ದಿನಗಳ ನಂತರ ದಳ್ವಿ ಸೆರೆಯಾದರು. 1963ರ ಮೇ ತಿಂಗಳಲ್ಲಿ ಅವರ ಬಿಡುಗಡೆಯಾಯಿತು. ಪುಸ್ತಕ ಹುಟ್ಟಿದ್ದು ಟಿಬೆಟ್ಟಿನ ಸೆರೆಶಿಬಿರದಲ್ಲಿ ಎಂದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಅದು ಅಚ್ಚಾಗಿ ಬರುವ ಹೊತ್ತಿಗೆ ಆರು ವರ್ಷ ಕಳೆದಿತ್ತು, ಅವರಿಗೆ ಐವತ್ತು ಸಮೀಪಿಸಿತ್ತು. 1974ರಲ್ಲಿ ಅವರು ತೀರಿಕೊಂಡರು.

ಸೆರೆಯಿಂದ ಬಂದ ಮರುತಿಂಗಳೇ ದಳ್ವಿ ಬರೆದಿದ್ದರೆ ಅದು ದೂರು ಆಗುತ್ತಿತ್ತು. ಆರು ವರ್ಷ ಕೂತು ಬರೆದದ್ದರಿಂದ ವಿಚಾರಣೆಯಾಯಿತು. ತನ್ನ ಬ್ರಿಗೇಡಿಗೆ ಏನಾಯಿತು ಎಂದು ಹೇಳುವುದರ ಜೊತೆಗೆ, ಆ ಹತ್ತಿಯ ಬಟ್ಟೆಯ ಹಿಂದೆ ಎಷ್ಟು ವರ್ಷಗಳ ಉದಾಸೀನ ಇತ್ತು, ಯಾರ ಮಾತು ಯಾರ ಕಿವಿಗೆ ಬೀಳಲಿಲ್ಲ, ಸೇನಾ ನೇಮಕಾತಿಯಲ್ಲಿ ರಾಜಕೀಯ ಎಲ್ಲಿ ಕೈಹಾಕಿತು ಎಂಬ ಎಳೆಗಳನ್ನು ಅವರು ಹಿಂದಕ್ಕೆ ಹಿಡಿದುಕೊಂಡು ಹೋದರು. ಸಮವಸ್ತ್ರದಲ್ಲಿರುವವರು ಬರೆಯಲಾಗದ ಪುಸ್ತಕ ಅದು. ಬಡ್ತಿ, ವರ್ಗಾವಣೆ, ಮೇಲಧಿಕಾರಿಯ ಕಣ್ಣು ಯಾವುದೂ ಬಾಧಿಸದ ಕಾಲ ಬಂದಾಗ ಮಾತ್ರ ಅಂಥದು ಸಾಧ್ಯ.

ದಳ್ವಿ ದೊಡ್ಡ ಅಧಿಕಾರಿ. ಅವರಿಗೆ ನಕಾಶೆ ಕಾಣುತ್ತಿತ್ತು. ನಕಾಶೆ ಕಾಣದ ಸಾಮಾನ್ಯ ಸಿಪಾಯಿ ತಡವಾಗಿ ಬರೆದರೆ ಏನು ಸಿಗುತ್ತದೆ ಎಂಬುದಕ್ಕೆ ಅಮೆರಿಕದ ಯೂಜೀನ್ ಸ್ಲೆಜ್ ಉದಾಹರಣೆ. 1923ರಲ್ಲಿ ಅಲಬಾಮಾದ ಮೊಬೈಲ್ ಪಟ್ಟಣದಲ್ಲಿ ಹುಟ್ಟಿದ ಈತ ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯ ಮೋರ್ಟಾರ್ ತಂಡದಲ್ಲಿದ್ದ. 1944ರ ಸೆಪ್ಟೆಂಬರಿನಲ್ಲಿ ಪೆಸಿಫಿಕ್ ಸಾಗರದ ಪೆಲೆಲಿಯು ದ್ವೀಪದಲ್ಲಿ ಇಳಿದ. ಕೆಲವೇ ದಿನಗಳ ಕೆಲಸ ಎಂದು ಸೇನಾನಿಗಳು ಹೇಳಿದ್ದ ಕದನ ಎರಡು ತಿಂಗಳು ದಾಟಿತು. ನೆಲವೆಲ್ಲ ಗಟ್ಟಿ ಹವಳದ ಕಲ್ಲು. ಅಡಗಲು ಗುಂಡಿ ತೋಡುವ ಹಾಗಿಲ್ಲ, ಹೆಣ ಹೂಳುವ ಹಾಗಿಲ್ಲ, ಮಲಮೂತ್ರಕ್ಕೂ ಮಣ್ಣು ಮುಚ್ಚುವ ಹಾಗಿಲ್ಲ. ಸುಡುವ ಬಿಸಿಲು, ನೊಣ, ದುರ್ವಾಸನೆ. ಅವನ ಕಂಪನಿಯಲ್ಲಿ ಇಳಿದವರು 235 ಮಂದಿ, ಪೆಟ್ಟಿಲ್ಲದೆ ಹೊರಟವರು 85. ಮರುವರ್ಷ ಓಕಿನಾವಾದ ಕೆಸರಿನಲ್ಲಿ ಮತ್ತೆ ಅದೇ.

ದಿನಚರಿ ಬರೆಯಲು ಸೈನಿಕರಿಗೆ ಅನುಮತಿ ಇರಲಿಲ್ಲ. ಶತ್ರುವಿನ ಕೈಗೆ ಸಿಕ್ಕರೆ ಅಪಾಯ. ಸ್ಲೆಜ್ ಜೇಬಿನಲ್ಲಿದ್ದ ಪುಟ್ಟ ಬೈಬಲ್ಲಿನೊಳಗೆ ಟಿಪ್ಪಣಿಗಳನ್ನು ಅಡಗಿಸಿಟ್ಟುಕೊಂಡ. ಯುದ್ಧ ಮುಗಿದ ಮೇಲೆ ಓದು ಮುಂದುವರಿಸಿ, ಜೀವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಅಲಬಾಮಾದ ಮಾಂಟೆವಾಲೊ ಎಂಬ ಊರಿನಲ್ಲಿ ಮೇಷ್ಟರಾದ. ಬೇಟೆಯ ಮನೆತನದಲ್ಲಿ ಬೆಳೆದವನು ಬಂದೂಕು ಕೆಳಗಿಟ್ಟು ಹಕ್ಕಿಗಳನ್ನು ನೋಡಿ ಅಭ್ಯಾಸ ಮಾಡುವವನಾದ. ಹೆಂಡತಿಯ ಒತ್ತಾಯಕ್ಕೆ, ಮೊದಲು ಮನೆಯವರಿಗಾಗಿ ಎಂದು ಬರೆಯತೊಡಗಿದ್ದು 1981ರಲ್ಲಿ 'ವಿತ್ ದ ಓಲ್ಡ್ ಬ್ರೀಡ್' ಎಂಬ ಪುಸ್ತಕವಾಯಿತು. ಆಗ ಅವನಿಗೆ ಅರವತ್ತು ಹತ್ತಿರವಾಗಿತ್ತು, ಪೆಲೆಲಿಯು ಕಳೆದು 37 ವರ್ಷ. ಇಂದು ಆ ಯುದ್ಧವನ್ನು ಅಭ್ಯಾಸ ಮಾಡುವವರು ಯಾರೂ ಅದನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಸತ್ತ ಜಪಾನಿ ಸೈನಿಕರ ಬಾಯಿಂದ ಚಿನ್ನದ ಹಲ್ಲು ಕೀಳುವುದು ಕೆಲವು ಮರೀನರಿಗೆ ರೂಢಿಯಾಗಿತ್ತು. ಮೊದಮೊದಲು ಹೇಸಿದ್ದ ಸ್ಲೆಜ್, ಒಂದು ದಿನ ತಾನೂ ಕತ್ತಿ ಹಿಡಿದು ಹೆಣದ ಮೇಲೆ ಬಾಗುತ್ತಾನೆ. ಹಿಂದಿನಿಂದ ತಂಡದ ವೈದ್ಯಕೀಯ ಸಹಾಯಕ ತಡೆಯುತ್ತಾನೆ. ನಿಮ್ಮ ಮನೆಯವರು ಏನಂದುಕೊಂಡಾರು, ಅದರಲ್ಲಿ ರೋಗಾಣು ಇರಬಹುದು ಎಂದು ಏನೇನೋ ಹೇಳುತ್ತಾನೆ. ಸ್ಲೆಜ್ ಹಲ್ಲಿನ ಆಸೆ ಬಿಟ್ಟು ಆ ಸೈನಿಕನ ಕಾಲರಿನ ಬಿಲ್ಲೆ ಕತ್ತರಿಸಿಕೊಳ್ಳುತ್ತಾನೆ. ಆ ಸಹಾಯಕನಿಗೆ ರೋಗಾಣುವಿನ ಚಿಂತೆ ಇರಲಿಲ್ಲ, ತನ್ನೊಳಗಿನ ಮನುಷ್ಯನನ್ನು ಉಳಿಸಲು ಅವನು ನೋಡುತ್ತಿದ್ದ ಎಂದು ಸ್ಲೆಜ್‌ಗೆ ಹೊಳೆದದ್ದು ಮುಂದೊಂದು ದಿನ.

ಈ ಪುಟವನ್ನು ಇಪ್ಪತ್ತೆರಡರ ಹುಡುಗ ಬರೆದಿದ್ದರೆ ಹಲ್ಲಿನ ಕಥೆ ಬರುತ್ತಿತ್ತೋ ಇಲ್ಲವೋ, ಆ ಹೊಳಹು ಇಷ್ಟು ಸ್ಪಷ್ಟವಾಗಿ ಬರುತ್ತಿರಲಿಲ್ಲ. ತಾನು ಏನಾಗಲು ಹೊರಟಿದ್ದೆ ಎಂದು ಹೇಳಿಕೊಳ್ಳಲು ಧೈರ್ಯ ಬೇಕು. ಯಾರು ತನ್ನನ್ನು ತಡೆದರು, ಯಾಕೆ ತಡೆದರು ಎಂದು ಅರಿಯಲು ಕಾಲ ಬೇಕು. ಯುದ್ಧ ಒಬ್ಬ ಸಾಧು ಹುಡುಗನನ್ನು ಎಷ್ಟು ಬೇಗ, ಎಷ್ಟು ಸಲೀಸಾಗಿ ಬದಲಾಯಿಸುತ್ತದೆ ಎಂಬ ಸತ್ಯ ಅದರಲ್ಲಿದೆ. ಸರ್ಕಾರದ ಯಾವ ವರದಿಯಲ್ಲೂ ಅದು ಸಿಗದು, ಯಾವ ಪದಕದ ಜೊತೆಗಿನ ಪ್ರಶಸ್ತಿಪತ್ರದಲ್ಲೂ ಸಿಗದು.

ಹಾಗಾದರೆ ಇವರು ಇಷ್ಟು ವರ್ಷ ಯಾಕೆ ಸುಮ್ಮನಿರುತ್ತಾರೆ? ನೆನಪು ಚುಚ್ಚುತ್ತದೆ ಎಂಬುದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಸಂಸಾರ ನಡೆಯಬೇಕು, ಕೆಲಸ ಹುಡುಕಬೇಕು. ಸತ್ತ ಗೆಳೆಯನ ಅಪ್ಪ ಅಮ್ಮ ಬದುಕಿರುತ್ತಾರೆ. ಮಗ ಕ್ಷಣದಲ್ಲಿ ಪ್ರಾಣ ಬಿಟ್ಟ, ನೋವು ಪಡಲಿಲ್ಲ ಎಂದು ಅವರಿಗೆ ಹೇಳಿ ಬಂದವನು ಅವರ ಜೀವಮಾನದಲ್ಲಿ ಬೇರೆ ಮಾತು ಬರೆಯಲಾರ. ಎಲ್ಲಕ್ಕಿಂತ ಹೆಚ್ಚಾಗಿ, ಕೇಳುವವರಿಲ್ಲ. ಕೇಳಿದರೂ, ಎಷ್ಟು ಜನರನ್ನು ಹೊಡೆದಿರಿ ಎಂಬುದೇ ಮೊದಲ ಪ್ರಶ್ನೆಯಾಗಿರುತ್ತದೆ. ಆ ಪ್ರಶ್ನೆ ಎದುರಾದ ಕೂಡಲೇ ಸೈನಿಕ ಮಾತು ಬದಲಿಸುತ್ತಾನೆ.

ಬ್ರಿಟನ್ನಿನ ಹ್ಯಾರಿ ಪ್ಯಾಚ್ 1917ರಲ್ಲಿ ಮೊದಲ ಮಹಾಯುದ್ಧದ ಪ್ಯಾಶೆಂಡೇಲ್ ಕದನದಲ್ಲಿದ್ದವರು. ಜೊತೆಗಿದ್ದ ಮೂವರು ಗೆಳೆಯರನ್ನು ಒಂದೇ ಶೆಲ್ಲಿಗೆ ಕಳೆದುಕೊಂಡವರು. ಕೊಳಾಯಿ ಕೆಲಸ ಮಾಡಿಕೊಂಡು ಬದುಕಿದ ಅವರು ಯುದ್ಧದ ಮಾತೆತ್ತಿದ್ದು 1998ರಲ್ಲಿ, ನೂರು ತುಂಬಿದ ಮೇಲೆ. ಅದೂ ಕೇಳುವವರು ಹುಡುಕಿಕೊಂಡು ಬಂದದ್ದರಿಂದ. ಇತಿಹಾಸಕಾರ ರಿಚರ್ಡ್ ವ್ಯಾನ್ ಎಮ್ಡೆನ್ ಜೊತೆ ಸೇರಿ 2007ರಲ್ಲಿ ಪುಸ್ತಕ ತಂದಾಗ ಅವರಿಗೆ 109 ವರ್ಷ. ಎಂಬತ್ತು ವರ್ಷದ ಆ ಮೌನಕ್ಕೆ ಪ್ಯಾಚ್ ಒಬ್ಬರೇ ಹೊಣೆಯಲ್ಲ. ಸುತ್ತಲಿನ ಸಮಾಜವೂ ಹೊಣೆ.

ತಡವಾಗಿ ಬಂದ ಸಾಕ್ಷ್ಯಕ್ಕೂ ಬೆಲೆಯಿದೆ ಎಂಬ ಈ ವಾದಕ್ಕೆ ಬರುವ ಆಕ್ಷೇಪಣೆಗಳನ್ನು ತಳ್ಳಿಹಾಕುವ ಹಾಗಿಲ್ಲ. ಮೊದಲನೆಯದು ನೆನಪಿನದು. ಮೂವತ್ತು ವರ್ಷ ಕಳೆದ ಮೇಲೆ ಬರೆದದ್ದನ್ನು ನಂಬುವುದು ಹೇಗೆ? ನೆನಪು ಜಾರುತ್ತದೆ, ನಿಜ. ತಾರೀಕು ತಪ್ಪುತ್ತದೆ, ದೂರ ಹೆಚ್ಚುಕಡಿಮೆಯಾಗುತ್ತದೆ, ಬೇರೆಯವರು ಹೇಳಿದ್ದು ತಾನೇ ಕಂಡಂತೆ ಆಗುತ್ತದೆ. ಆದರೆ ಇವನ್ನೆಲ್ಲ ತಿದ್ದುವ ದಾರಿಗಳಿವೆ. ತುಕಡಿಯ ದಾಖಲೆ, ಪತ್ರ, ಜೊತೆಗಿದ್ದವರ ಮಾತು ಇವುಗಳ ಜೊತೆ ತಾಳೆ ನೋಡಬಹುದು. ಸ್ಲೆಜ್ ತನ್ನ ಟಿಪ್ಪಣಿಗಳನ್ನು ಆಧಾರವಾಗಿಟ್ಟುಕೊಂಡ. ಅಧಿಕೃತ ದಾಖಲೆಯಲ್ಲಿ ತಾರೀಕು ಸರಿ ಇರುತ್ತದೆ, ವಾಸನೆ ಇರುವುದಿಲ್ಲ. ಎರಡೂ ಇದ್ದಾಗಲೇ ಇತಿಹಾಸ ಪೂರ್ತಿ.

ಎರಡನೆಯದು ಸ್ವಾರ್ಥದ ಆಕ್ಷೇಪಣೆ. ಬರೆಯುವವರು ತಮ್ಮನ್ನು ತಾವು ಸಮರ್ಥಿಸಿಕೊಳ್ಳುತ್ತಾರೆ ಎಂಬುದು ಸುಳ್ಳಲ್ಲ. ನಮ್ಕಾ ಚು ಕದನದ ಹೊತ್ತಿಗೆ ದಳ್ವಿಯವರ ಮೇಲಿದ್ದ ಲೆಫ್ಟಿನೆಂಟ್ ಜನರಲ್ ಬಿ.ಎಂ. ಕೌಲ್ 1967ರಲ್ಲೇ ತಮ್ಮ ಕಡೆಯ ಕಥೆಯನ್ನು 'ದಿ ಅನ್‌ಟೋಲ್ಡ್ ಸ್ಟೋರಿ' ಎಂದು ಬರೆದಿದ್ದರು. ಅಮೆರಿಕದ ಅಂತರ್ಯುದ್ಧ ಗೆದ್ದ ಯುಲಿಸಿಸ್ ಗ್ರಾಂಟ್ ಲೇಖನಿ ಹಿಡಿದದ್ದು ದುಡ್ಡಿಗಾಗಿ. ವಂಚನೆಯಲ್ಲಿ ಎಲ್ಲ ಕಳೆದುಕೊಂಡು, ಗಂಟಲ ಕ್ಯಾನ್ಸರಿನಿಂದ ನರಳುತ್ತ, ಹೆಂಡತಿ ಮಕ್ಕಳ ಗತಿ ಏನು ಎಂದು ಬರೆದು 1885ರಲ್ಲಿ ಸಾಯುವ ಕೆಲವೇ ದಿನ ಮುಂಚೆ ಮುಗಿಸಿದರು. ಮಾರ್ಕ್ ಟ್ವೇನ್ ತಮ್ಮ ಪ್ರಕಾಶನದಿಂದ ಅದನ್ನು ಹೊರತಂದರು. ಇಂದಿಗೂ ಇಂಗ್ಲಿಷ್ ಗದ್ಯದ ಒಳ್ಳೆಯ ಪುಸ್ತಕಗಳಲ್ಲಿ ಅದನ್ನು ಎಣಿಸುತ್ತಾರೆ. ಉದ್ದೇಶ ನೋಡಿ ಬರಹವನ್ನು ತೂಗಲಾಗದು. ಕೌಲ್ ಅವರನ್ನೂ ದಳ್ವಿಯವರನ್ನೂ ಓದಿ ಎರಡನ್ನೂ ಪ್ರಶ್ನಿಸುವುದೇ ಪ್ರಜ್ಞಾವಂತ ಓದುಗನ ಕೆಲಸ. ಒಂದು ಪುಸ್ತಕ ಪಕ್ಷಪಾತಿ ಎಂದಾದರೆ ಅದಕ್ಕೆ ಮದ್ದು ಇನ್ನೊಂದು ಪುಸ್ತಕ.

ಮೂರನೆಯದು ಗೋಪ್ಯತೆ. ದೇಶದ ಭದ್ರತೆಗೆ ಧಕ್ಕೆ ಬರುವ ವಿವರ ಹೊರಗೆ ಬರಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗುಟ್ಟಿಗೂ ಮುಜುಗರಕ್ಕೂ ವ್ಯತ್ಯಾಸವಿದೆ. 1962ರ ಬಂದೂಕು, ರಸ್ತೆ, ಸಂಕೇತಗಳು ಯಾವತ್ತೋ ಹಳತಾದವು. ಆ ಕಾಲದ ವರದಿ ಇನ್ನೂ ಬೀಗದಲ್ಲಿ ಇರುವುದಕ್ಕೆ ಭದ್ರತೆ ಸಾಕಷ್ಟು ಕಾರಣವಲ್ಲ. 2020ರ ಲಡಾಖ್ ಬಿಕ್ಕಟ್ಟಿನ ಕಾಲದಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಮನೋಜ್ ಮುಕುಂದ್ ನರವಣೆ ಅವರ ಆತ್ಮಕಥನ 2024ರ ಜನವರಿಯಲ್ಲಿ ಬರಬೇಕಿತ್ತು. ಅದು ಪರಿಶೀಲನೆಗೆ ಹೋಗಿ ನಿಂತಿತು. ಪರಿಶೀಲನೆ ಬೇಡ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಗಡುವು ಇರಬೇಕು, ಯಾವ ಸಾಲು ಯಾಕೆ ಬೇಡ ಎಂದು ಬರೆದು ಕೊಡಬೇಕು. ಅನಿರ್ದಿಷ್ಟ ಕಾಲ ಕಾಯಿಸುವುದು ನಿಷೇಧಕ್ಕೆ ಸಮ.

ಇನ್ನು ನಮ್ಮ ಮನೆಯ ಕಡೆ ನೋಡೋಣ. ಯುದ್ಧದಲ್ಲಿ ಮಡಿದವನನ್ನು ನೆನೆಯುವುದು ಕನ್ನಡ ನಾಡಿಗೆ ಹೊಸದಲ್ಲ. ತುರುಗೋಳಿನಲ್ಲೋ ಊರಳಿವಿನಲ್ಲೋ ಸತ್ತವನಿಗೆ ಊರವರು ವೀರಗಲ್ಲು ನಿಲ್ಲಿಸಿದರು. ಅವನು ಹೋರಾಡಿದ್ದು, ಅಪ್ಸರೆಯರು ಕರೆದೊಯ್ದದ್ದು, ದೇವರ ಸನ್ನಿಧಿ ಸೇರಿದ್ದು ಹಂತ ಹಂತವಾಗಿ ಕಲ್ಲಿನಲ್ಲಿ ಮೂಡಿದವು. ಅದೇ ಕಾಳಗದಿಂದ ಗಾಯಗೊಂಡು ಮನೆಗೆ ಬಂದವನಿಗೆ ಆ ಕಲ್ಲಿನಲ್ಲಿ ಜಾಗವಿಲ್ಲ. ಸಮರಪರಶುರಾಮ, ವೀರಮಾರ್ತಾಂಡ ಎಂಬ ಬಿರುದುಗಳನ್ನು ಗೆದ್ದ ಗಂಗರ ಸೇನಾನಿ ಚಾವುಂಡರಾಯ 978ರಲ್ಲಿ ಕನ್ನಡ ಗದ್ಯಕ್ಕೆ ಒಂದು ಮೊದಲ ಮೇರುಕೃತಿಯನ್ನೇ ಕೊಟ್ಟ. ಆದರೆ ಬರೆಯಲು ಆರಿಸಿಕೊಂಡದ್ದು ಜೈನ ಪುರಾಣದ ಅರವತ್ತಮೂರು ಶಲಾಕಾಪುರುಷರ ಕಥೆಯನ್ನು. ಅದು ಅವನ ಕಾಲದ ರೀತಿ, ತಪ್ಪೆಣಿಸುವ ಹಾಗಿಲ್ಲ. ಅಂದಿನಿಂದ ಸಾವಿರ ವರ್ಷ ಕಳೆದರೂ ಬದುಕಿ ಬಂದವನ ಮಾತಿಗೆ ಕನ್ನಡದಲ್ಲಿ ಗಟ್ಟಿಯಾದ ಪರಂಪರೆ ಬೆಳೆದಿಲ್ಲ ಎಂಬುದು ಮಾತ್ರ ಚಿಂತಿಸಬೇಕಾದ ವಿಷಯ.

ಸೈನಿಕರಿಗೆ ನಮ್ಮಲ್ಲಿ ಬರವಿಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಇಬ್ಬರೂ ಕೊಡಗಿನವರು. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ಕೇಂದ್ರವಿದೆ, ಬೆಂಗಳೂರಿನಲ್ಲಿ ಮದ್ರಾಸ್ ಸ್ಯಾಪರ್ಸ್ ಇದೆ. 1918ರ ಸೆಪ್ಟೆಂಬರ್ 23ರಂದು ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಇತ್ತು. ಬೆಂಗಳೂರಿನಲ್ಲಿ ಅವರ ಸ್ಮಾರಕವಿದೆ. ಹೈಫಾ ನಮಗೆ ತಲುಪಿರುವುದು ಆ ಸ್ಮಾರಕದ ಮೂಲಕ, ಕುದುರೆಯ ಮೇಲಿದ್ದ ಸವಾರನ ಮಾತಿನ ಮೂಲಕ ಅಲ್ಲ.

ಮಾಜಿ ಸೈನಿಕರು ನಮ್ಮ ಊರುಗಳಲ್ಲಿ ಹೇಗೆ ಬದುಕುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಹದಿನೈದಿಪ್ಪತ್ತು ವರ್ಷ ದುಡಿದು ನಲವತ್ತರ ಆಸುಪಾಸಿನಲ್ಲಿ ಪಿಂಚಣಿ ಹಿಡಿದು ಬರುತ್ತಾರೆ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಾರೆ, ಇಲ್ಲವೇ ಹೊಲ ನೋಡಿಕೊಳ್ಳುತ್ತಾರೆ. ಆಗಸ್ಟ್ 15ಕ್ಕೆ ಶಾಲೆಯವರು ಕರೆದು, ಶಾಲು ಹೊದಿಸಿ, ಹಾರ ಹಾಕಿ, ಎರಡು ಮಾತಾಡಿ ಸಾರ್ ಎನ್ನುತ್ತಾರೆ. ಚೆನ್ನಾಗಿ ಓದಿ, ದೇಶಸೇವೆ ಮಾಡಿ ಎಂದು ಹೇಳಿ ಅವರು ಕೂತುಬಿಡುತ್ತಾರೆ. ಎರಡು ಮಾತಿನಲ್ಲಿ ಅದಕ್ಕಿಂತ ಹೆಚ್ಚು ಹೇಳಲಾಗದು.

2016ರ ಫೆಬ್ರುವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಸಿಯಾಚಿನ್ನಿನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದಿದ್ದರು. ಅವರು ಬದುಕಲಿ ಎಂದು ಕರ್ನಾಟಕವಿಡೀ ಹರಕೆ ಹೊತ್ತಿತು. 11ರಂದು ಅವರು ತೀರಿಕೊಂಡಾಗ ಮನೆಮನೆಯಲ್ಲಿ ಅತ್ತರು. ಆ ದುಃಖ ನಿಜವಾದದ್ದು. ಆದರೆ ಹತ್ತೊಂಬತ್ತು ಸಾವಿರ ಅಡಿ ಮೀರಿದ ಆ ಠಾಣ್ಯದಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ ಎಂದು ಅಲ್ಲಿದ್ದು ಮರಳಿ ಬಂದ ಪಕ್ಕದೂರಿನವರನ್ನು ನಾವು ಕೇಳಿದೆವೇ? 1984ರಿಂದ ಸಿಯಾಚಿನ್ನಿನಲ್ಲಿ ನಮ್ಮ ಸೇನೆ ನಿಂತಿದೆ. ಅಂದರೆ ಮೂರು ತಲೆಮಾರಿನ ಜವಾನರು ಅಲ್ಲಿಗೆ ಹೋಗಿ ಬಂದಿದ್ದಾರೆ.

ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯದು ಇನ್ನೂ ದೊಡ್ಡ ಮೌನ. 1987ರಿಂದ 1990ರವರೆಗೆ ಅಲ್ಲಿ ನಮ್ಮ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು. ಶಾಂತಿ ಕಾಯಲು ಹೋದವರು ಕಾದಾಡಬೇಕಾಯಿತು. ಯಾವ ತಮಿಳರ ರಕ್ಷಣೆಗೆ ಹೋದರೋ ಅವರ ನಡುವಿನಿಂದಲೇ ಗುಂಡು ಬಂತು. ಮರಳಿದಾಗ ಕಾರ್ಗಿಲ್ ಯೋಧರಿಗೆ ಸಿಕ್ಕಂಥ ಮೆರವಣಿಗೆ ಇವರಿಗೆ ಸಿಗಲಿಲ್ಲ. ಅಂದು ಇಪ್ಪತ್ತರ ಆಸುಪಾಸಿನಲ್ಲಿದ್ದವರಿಗೆ ಈಗ ಅರವತ್ತರ ಹತ್ತಿರ. ಸ್ಲೆಜ್ ಪುಸ್ತಕ ತಂದ ವಯಸ್ಸು ಅದು. ಬರೆಯಲು ಬೇಕಾದ ದೂರವೂ ಸಿಕ್ಕಿದೆ, ನೆನಪೂ ಇನ್ನೂ ಗಟ್ಟಿಯಾಗಿದೆ. ಹತ್ತು ವರ್ಷ ಬಿಟ್ಟರೆ ಕೇಳಲು ಉಳಿದಿರುವವರು ಕಡಿಮೆಯಾಗಿರುತ್ತಾರೆ.

ಅಧಿಕಾರಿಗಳು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಅವುಗಳಲ್ಲಿ ಕೆಲವು ಕನ್ನಡಕ್ಕೂ ಬರುತ್ತವೆ. ನಮಗೆ ಬೇಕಾಗಿರುವುದು ಹವಾಲ್ದಾರರ, ನಾಯಕರ, ಸಿಪಾಯಿಗಳ ಬರಹ, ಅವರವರ ಊರಿನ ಕನ್ನಡದಲ್ಲೇ. ಅದು ತಾನಾಗಿ ಬರುವುದಿಲ್ಲ. ಕಾಲೇಜಿನ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳನ್ನು ಮಾಜಿ ಸೈನಿಕರ ಮನೆಗೆ ಕಳಿಸಬಹುದು. ಮೊಬೈಲ್ ಫೋನಿನಲ್ಲೇ ಧ್ವನಿ ದಾಖಲಿಸಬಹುದು. ಪ್ರತಿ ಜಿಲ್ಲೆಯ ಮಾಜಿ ಸೈನಿಕರ ಪಟ್ಟಿ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗಳಲ್ಲಿ ಇರುತ್ತದೆ. ಅವರಿಗೊಂದು ಪತ್ರ ಬರೆದು ಆಹ್ವಾನಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಬರೆಯುವ ರೂಢಿಯಿಲ್ಲದವರ ಜೊತೆ ಕೂತು ಬರೆದುಕೊಳ್ಳುವ ಲೇಖಕರೂ, ಭಾಷೆಗೆ ಹೊಳಪು ಕೊಡುವ ಹೆಸರಿನಲ್ಲಿ ಅವರ ಮಾತಿನ ಕಸುವು ತೆಗೆಯದ ಸಂಪಾದಕರೂ ಬೇಕು.

ಕೇಳುವ ಪ್ರಶ್ನೆಗಳೂ ಬದಲಾಗಬೇಕು. ಶೌರ್ಯದ ಬಗ್ಗೆ ಕೇಳಿದರೆ ಭಾಷಣ ಬರುತ್ತದೆ. ಮೊದಲ ರಾತ್ರಿ ಎಲ್ಲಿ ಮಲಗಿದಿರಿ, ಕಾಲುಚೀಲ ಒದ್ದೆಯಾದರೆ ಏನು ಮಾಡುತ್ತಿದ್ದಿರಿ, ಮನೆಯ ಪತ್ರ ಬರಲು ಎಷ್ಟು ದಿನ ಹಿಡಿಯುತ್ತಿತ್ತು, ಪಕ್ಕದಲ್ಲಿದ್ದವರು ಯಾವ ಊರಿನವರು, ಅಲ್ಲಿನ ಹಳ್ಳಿಯವರು ನಿಮ್ಮನ್ನು ಹೇಗೆ ನೋಡುತ್ತಿದ್ದರು, ಯಾವ ಆದೇಶ ನಿಮಗೆ ಅರ್ಥವಾಗಲಿಲ್ಲ ಎಂದು ಕೇಳಿದರೆ ಬದುಕು ಬರುತ್ತದೆ. ಆ ಬದುಕಿನ ನಡುವಿನಿಂದಲೇ ಧೈರ್ಯವೂ ಭಯವೂ ನಾಚಿಕೆಯೂ ಬರುತ್ತವೆ. ಹೀಗೆ ಬಂದದ್ದನ್ನು ದೇಶಭಕ್ತಿಯ ಮಾಪನದಲ್ಲಿ ಅಳೆಯಬಾರದು. ಹೆದರಿದೆ ಎಂದು ಬರೆದವರನ್ನು ಹೀಯಾಳಿಸುವ ಸಮಾಜಕ್ಕೆ ನಿಜ ಹೇಳುವ ಸೈನಿಕ ಸಿಗುವುದಿಲ್ಲ.

ಇದು ಸೈನಿಕರಿಗೆ ನಾವು ಮಾಡುವ ಉಪಕಾರವಲ್ಲ. ಪ್ರಜಾಪ್ರಭುತ್ವದಲ್ಲಿ ಸೈನಿಕನನ್ನು ಗಡಿಗೆ ಕಳಿಸುವ ಸರ್ಕಾರವನ್ನು ಆರಿಸುವವರು ನಾವು. ಗಡಿಯಲ್ಲಿ ಬಿಸಿ ಏರಿದಾಗಲೆಲ್ಲ ಯುದ್ಧ ಆಗಲಿ ಎಂದು ಕೂಗುವವರಲ್ಲಿ ಬಹುತೇಕರು ಯುದ್ಧವನ್ನು ಕಂಡಿರುವುದು ಸಿನಿಮಾದಲ್ಲಿ. ಹತ್ತಿಯ ಬಟ್ಟೆಯಲ್ಲಿ ನಮ್ಕಾ ಚು ದಂಡೆಯಲ್ಲಿ ನಿಂತವರ ಬಗ್ಗೆ ಓದಿದ ಮತದಾರ, ಸೈನ್ಯ ಸಿದ್ಧವಿದೆ ಎಂದು ಮಂತ್ರಿ ಹೇಳಿದಾಗ ಬಟ್ಟೆ ಬೂಟುಗಳ ಲೆಕ್ಕ ಕೇಳುತ್ತಾನೆ. ಯುದ್ಧ ಬೇಕೇ ಬೇಕಾದ ಸಂದರ್ಭವೂ ಬರಬಹುದು. ಆಗಲೂ ಯಾರಿಂದ ಏನನ್ನು ಕೇಳುತ್ತಿದ್ದೇವೆ ಎಂದು ತಿಳಿದು ಕೇಳುವುದು ನಾಗರಿಕನ ಕರ್ತವ್ಯ. ಆ ತಿಳಿವಳಿಕೆಯನ್ನು ಕೊಡಬಲ್ಲವರು ನಮ್ಮ ಊರುಗಳಲ್ಲೇ ಇದ್ದಾರೆ. ಅವರು ಬರೆಯಲಿ ಎಂದು ಕಾಯುವುದನ್ನು ಬಿಟ್ಟು, ಬರೆಯಿರಿ ಎಂದು ಹೋಗಿ ಕೇಳುವ ಹೊಣೆ ಕನ್ನಡದ ಲೇಖಕರದ್ದು, ಪ್ರಕಾಶಕರದ್ದು, ಓದುಗರದ್ದು. ಆ ಕೆಲಸ ಈ ವರ್ಷವೇ ಶುರುವಾಗಬೇಕು.